ಎಲ್‌ಡಿಎಲ್ 118 ಇದ್ದರೂ ಸ್ಟ್ಯಾಟಿನ್ ಏಕೆ?

ಸಕಲೇಶಪುರದ ಅಕ್ಕ, ತಂದೆಗೆ 63, ಎಚ್‌ಐವಿ ಇದೆ, ಅದಕ್ಕೆ ಕೊಡುವ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಹಿಡಿತದಲ್ಲಿದೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಬರೀ 118. ಮತ್ತೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಯಾಕೆ ಬರೆದರು ಎಂದು ಕೇಳಿದ್ದೀರಿ. ನನಗಂತೂ ಡಾಕ್ಟರು ಸರಿಯಾಗಿಯೇ ಯೋಚಿಸಿದ್ದಾರೆ ಅನ್ನಿಸುತ್ತದೆ.

ವೈರಸ್ ಹಿಡಿತದಲ್ಲಿದ್ದರೂ ಮೈಯೊಳಗೆ ಸಣ್ಣ ಪ್ರಮಾಣದ ಉರಿಯೂತ ಉಳಿದೇ ಇರುತ್ತದೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಲು ಅದೂ ಕಾರಣ, ಹಾಗಾಗಿ ಕೊಲೆಸ್ಟ್ರಾಲ್ ಅಂಕಿಯೊಂದನ್ನೇ ನೋಡಿದರೆ ಅಪಾಯ ಪೂರ್ತಿ ಕಾಣುವುದಿಲ್ಲ. 2023ರಲ್ಲಿ ಪ್ರಕಟವಾದ ರಿಪ್ರೀವ್ ಅಧ್ಯಯನದಲ್ಲಿ ಎಚ್‌ಐವಿ ಇರುವ, 40ರಿಂದ 75 ವರ್ಷದ 7,769 ಜನರಿದ್ದರು, ಭಾರತದವರೂ ಸೇರಿ. ಹೃದಯದ ಅಪಾಯ ಅಷ್ಟೇನೂ ಹೆಚ್ಚಿಲ್ಲ ಅನ್ನಿಸಿದವರೇ ಅವರು. ಆದರೂ ದಿನಕ್ಕೆ 4 ಮಿ.ಗ್ರಾಂ ಪಿಟಾವಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು 35% ಕಡಿಮೆಯಾಯಿತು.

ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಹೃದಯದ ಡಾಕ್ಟರ ಹತ್ತಿರ ಎಚ್‌ಐವಿ ವಿಷಯ ಮುಚ್ಚಿಡಬೇಡಿ. ನಮ್ಮ ಕಡೆ ನಾಚಿಕೆಗೆ ಮುಚ್ಚಿಡುವವರೇ ಜಾಸ್ತಿ. ಏಕೆಂದರೆ ರಿಟೋನಾವಿರ್ ಎಂಬ ಎಚ್‌ಐವಿ ಔಷಧ ಇರುವ ಮಾತ್ರೆಯ ಜೊತೆ ಸಿಮ್ವಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಕೊಡಲೇಬಾರದು, ಸ್ನಾಯುಗಳಿಗೆ ತೀವ್ರ ಹಾನಿಯಾಗಬಹುದು. ಡೊಲುಟೆಗ್ರಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧದ ಜೊತೆ ಆ ತೊಡಕಿಲ್ಲ. ಹಾಸನದ ಎಆರ್‌ಟಿ ಕೇಂದ್ರಕ್ಕೆ ಹೋದಾಗ ಹೊಸ ಚೀಟಿ ತೋರಿಸಿ. ಮೈಕೈ ನೋವು ಹೆಚ್ಚಾದರೆ ಕೂಡಲೇ ಹೇಳಿ, ಶುಗರ್ ಆಗಾಗ ನೋಡಿಸಿ. ಬೀಡಿ ಸೇದುತ್ತಾರೆ ಎಂದು ಬರೆದಿದ್ದೀರಿ. ಮಾತ್ರೆ ತೆಗೆದುಕೊಂಡರೂ ಅದನ್ನು ಬಿಡಿಸಲೇಬೇಕು.