ಅಮೆರಿಕದ ಸೈನ್ಯದ ಹಳೇ ಬಿಡುಗಡೆ ಪತ್ರದಲ್ಲಿ ತಪ್ಪಿದ್ದರೆ ಈಗ ತಿದ್ದಿಸಬಹುದೇ?

ನಿಮ್ಮ ಮಾವ 1969ರಲ್ಲಿ ಅಮೆರಿಕದ ಭೂಸೇನೆ ಬಿಟ್ಟರು, ಅವರ ಡಿಡಿ-214 ಅನ್ನೋ ಬಿಡುಗಡೆ ಪತ್ರದಲ್ಲಿ ವಿಯೆಟ್ನಾಂ ಸೇವೆಯ ಮಾತೇ ಇಲ್ಲ ಅಂತ ಬರೆದಿದ್ದೀರಿ. ತಡವಾಯ್ತು ಅಂತ ಕೈಚೆಲ್ಲಬೇಡಿ. ಈಗಲೂ ಅರ್ಜಿ ಹಾಕಬಹುದು.

ಡಿಡಿ-149 ಅನ್ನೋ ಫಾರಂ ತುಂಬಿ ಭೂಸೇನೆಯ ದಾಖಲೆ ತಿದ್ದುಪಡಿ ಮಂಡಳಿಗೆ ಕಳಿಸಬೇಕು. ತಪ್ಪು ಗೊತ್ತಾದ 3 ವರ್ಷದೊಳಗೆ ಅಂತ ನಿಯಮ ಇದೆ. ಆದರೆ ನ್ಯಾಯದ ದೃಷ್ಟಿಯಿಂದ ಮಂಡಳಿ ಈ ಗಡುವನ್ನು ಬದಿಗಿಡಬಹುದು. ಹಾಗಾಗಿ ಇಷ್ಟು ತಡ ಯಾಕಾಯ್ತು ಅಂತ ಬಿಡಿಸಿ ಬರೆಯಿರಿ.

ಮುಖ್ಯವಾದ ಮಾತು ಪುರಾವೆಯದ್ದು. ಮಂಡಳಿ ತಾನಾಗಿ ತನಿಖೆಗೆ ಇಳಿಯುವುದಿಲ್ಲ. ಹಳೇ ದಾಖಲೆ ಸರಿ ಅಂತಲೇ ಶುರು ಮಾಡುತ್ತದೆ. ಮೊದಲು ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಿಂದ ಅವರ ಪೂರ್ತಿ ಕಡತ ತರಿಸಿ. ಅಲ್ಲಿ 1973ರಲ್ಲಿ ಬೆಂಕಿ ಬಿದ್ದದ್ದು ನಿಜ, ಆದರೆ ಸುಟ್ಟ ಭೂಸೇನೆ ಕಡತಗಳು 1960ಕ್ಕಿಂತ ಮೊದಲು ಬಿಡುಗಡೆಯಾದವರದ್ದು. ಕಡತದಲ್ಲಿ ವರ್ಗಾವಣೆ ಆದೇಶ ಹುಡುಕಿ. ಮನೆಯ ಹಳೇ ಪೆಟ್ಟಿಗೆಯನ್ನೂ ನೋಡಿ. ಆಗ ವಿಯೆಟ್ನಾಂನಿಂದ ಬರೆದ ಕಾಗದಕ್ಕೆ ಅಂಚೆಚೀಟಿ ಬೇಕಿರಲಿಲ್ಲ, ಲಕೋಟೆಯ ಮೂಲೆಯಲ್ಲಿ ಕೈಯಲ್ಲೇ ‘ಫ್ರೀ’ ಅಂತ ಬರೆಯುತ್ತಿದ್ದರು. ಅಂಥ ಒಂದು ಲಕೋಟೆ ಮೇಲಿನ ತಾರೀಕು, ತುಕಡಿಯ ಹೆಸರು ಕೂಡ ಉಪಯೋಗಕ್ಕೆ ಬರುತ್ತೆ. ಜೊತೆಗಿದ್ದವರು ಸಹಿ ಹಾಕಿದ ಹೇಳಿಕೆ ಸಿಕ್ಕರೆ ಇನ್ನೂ ಒಳ್ಳೆಯದು.

ಮೂಲ ಪ್ರತಿ ಮಾತ್ರ ಕಳಿಸಬೇಡಿ, ನಕಲು ಸಾಕು. ತಿದ್ದುಪಡಿ ಒಪ್ಪಿಗೆಯಾದರೆ ಸಾಮಾನ್ಯವಾಗಿ ಡಿಡಿ-215 ಅನ್ನೋ ಪತ್ರ ಬರುತ್ತದೆ. ಅದನ್ನು ಹಳೇ ಪತ್ರದ ಜೊತೆಗೇ ಇಟ್ಟುಕೊಳ್ಳಿ.