ನಾಲ್ಕನ್ನೂ ಒಟ್ಟಿಗೆ ಯಾಕೆ ಹಚ್ಚಲ್ಲ?

ಅಮ್ಮ ತೀರಿಕೊಂಡ ವರ್ಷ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದ (ಅಡ್ವೆಂಟ್) ನಾಲ್ಕು ಮೇಣದಬತ್ತಿ ಹಚ್ಚಬಹುದಾ, ಅವನ್ನು ವಾರಕ್ಕೊಂದರಂತೆ ಯಾಕೆ ಹಚ್ಚುತ್ತಾರೆ ಅಂತ ಕೇಳಿದ್ದೀರಿ. ಖಂಡಿತ ಹಚ್ಚಿ. ಇದು ಹಬ್ಬದ ಅಲಂಕಾರ ಅಲ್ಲ, ಕಾಯುವವರ ದೀಪ.

ಇದು ಶುರುವಾಗಿದ್ದೂ ಕಾಯುವ ಮಕ್ಕಳಿಂದಲೇ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಅನ್ನೋ ಪಾದ್ರಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳದ್ದು ಒಂದೇ ಪ್ರಶ್ನೆ. ಅವರು ಹಳೇ ಗಾಡಿ ಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ, ಭಾನುವಾರಕ್ಕೆ ದೊಡ್ಡ ಬಿಳಿಯದು. ಈಗ ಉಳಿದಿರುವುದು ಆ ನಾಲ್ಕು ಭಾನುವಾರದ ಬತ್ತಿಗಳು.

ಯುರೋಪಿನಲ್ಲಿ ಆ ವಾರಗಳಲ್ಲಿ ಹಗಲು ಕುಗ್ಗುತ್ತಲೇ ಹೋಗುತ್ತದೆ. ಹೊರಗೆ ಕತ್ತಲೆ ಜಾಸ್ತಿ ಆದಷ್ಟೂ ಮೇಜಿನ ಮೇಲೆ ಒಂದೊಂದು ಬೆಳಕು ಹೆಚ್ಚುತ್ತದೆ. ಬೈಬಲ್‌ನ ಯೋಹಾನನ ಸುವಾರ್ತೆ ಶುರುವಿನಲ್ಲೇ ಬೆಳಕು ಕತ್ತಲಲ್ಲಿ ಹೊಳೆಯುತ್ತದೆ ಅನ್ನುತ್ತದೆ. ಗಮನಿಸಿ, ಕತ್ತಲೆ ಇಲ್ಲ ಅನ್ನುವುದಿಲ್ಲ. ಕತ್ತಲೆಗೆ ಅದನ್ನು ನುಂಗಲು ಆಗಲಿಲ್ಲ ಅಂತಷ್ಟೇ. ದುಃಖದಲ್ಲಿರುವವರಿಗೆ ಈ ಮಾತು ಸುಮ್ನೆ 'ಧೈರ್ಯವಾಗಿರಿ' ಅನ್ನುವುದಕ್ಕಿಂತ ಪ್ರಾಮಾಣಿಕ ಅನಿಸುತ್ತದೆ, ಅಲ್ವಾ?

ಕ್ಯಾಥೊಲಿಕರಲ್ಲಿ ಮೂರು ಬತ್ತಿ ನೇರಳೆ, ಒಂದು ಗುಲಾಬಿ. ಗುಲಾಬಿ ಮೂರನೇ ಭಾನುವಾರಕ್ಕೆ, ಸಂತೋಷದ ಗುರುತಾಗಿ. ಆ ದಿನ ನಿಮಗೆ ಸಂತೋಷ ಬರದಿದ್ದರೆ ಬತ್ತಿ ಹಚ್ಚಿ ಸುಮ್ಮನೆ ಕೂತರೂ ಸಾಕು.

ಬಣ್ಣದ್ದು ಸಿಗದಿದ್ದರೆ ಕರೆಂಟ್ ಹೋದಾಗ ಹಚ್ಚುವ ಬಿಳಿ ಬತ್ತಿಯೇ ಆಗುತ್ತದೆ. ಮೊದಲನೆಯದನ್ನು ಸ್ವಲ್ಪ ಉದ್ದದ್ದೇ ಆರಿಸಿ. ನಾಲ್ಕು ವಾರವೂ ಉರಿಯಬೇಕು, ಕೊನೆಗೆ ಬೆರಳುದ್ದ ಉಳಿದರೆ ಹೆಚ್ಚು.