ಪ್ಲೇಟಿನಲ್ಲಿ ಉಂಗುರ ಕಾಣುತ್ತಿಲ್ಲ ಎಂದರೆ ಮೊದಲು ರಕ್ತವನ್ನೇ ನೋಡಿ

ಧಾರವಾಡದ ನಿಮ್ಮ ಲ್ಯಾಬಿನಲ್ಲಿ ರಕ್ತ ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟಿನ ಮೇಲೆ ಇ. ಕೋಲಿ ಒ157 ಎಂಬ, ರಕ್ತಭೇದಿ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆದರೆ ರಕ್ತಕಣ ಒಡೆದ ಉಂಗುರ ಬರುತ್ತಿಲ್ಲ ಎಂದಿದ್ದೀರಿ. ಬಹುಶಃ ತಪ್ಪು ನೀವು ಬಳಸುವ, ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಚೀಲದ್ದು. ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿ ಹಾಕಿರುವ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದಿಡುತ್ತದೆ. ಉಂಗುರ ಮೂಡಿಸುವ ಒ157ರ ವಿಷ, ಎಂಟರೋಹೀಮೋಲೈಸಿನ್, ಕಣದ ಪೊರೆಗೆ ರಂಧ್ರ ಕೊರೆಯಲು ಕ್ಯಾಲ್ಸಿಯಂ ಬೇಕೇ ಬೇಕು. ತೊಳೆಯದ ರಕ್ತದ ಸೀರಮ್ ಕೂಡ ಅಡ್ಡಿ.

ಕುರಿ ರಕ್ತ ತನ್ನಿ. ಗದಗ, ಹಾವೇರಿ ಕಡೆ ಕುರಿಗೇನು ಬರ? ಪಶುವೈದ್ಯರಿಂದಲೇ ತೆಗೆಸಿ, ಸ್ಟೆರೈಲ್ ಗಾಜಿನ ಮಣಿಯ ಫ್ಲಾಸ್ಕಿನಲ್ಲಿ 10 ನಿಮಿಷ ಮೆಲ್ಲಗೆ ತಿರುಗಿಸಿ. ಹೆಪ್ಪಿನ ನಾರು ಮಣಿಗೆ ಅಂಟುತ್ತದೆ. ಆಮೇಲೆ 0.85% ಸಲೈನಿನಲ್ಲಿ (ಉಪ್ಪುನೀರು) ಮೂರು ಸಲ ತೊಳೆದು, ಮೇಲಿನ ಬಿಳಿ ಪದರ ತೆಗೆಯಿರಿ. ಫಾಸ್ಫೇಟ್ ಬಫರ್ ಬೇಡ, ಕ್ಯಾಲ್ಸಿಯಂ ಜೊತೆ ಗಸಿಗಟ್ಟುತ್ತದೆ. ಕೊನೆಯ ನೀರು ಗುಲಾಬಿಯಾಗಿದ್ದರೆ ಕಣಗಳು ಆಗಲೇ ಒಡೆದಿವೆ, ಚೆಲ್ಲಿ. ತೊಳೆದ ಕಣಗಳಿಗೆ ಸಲೈನ್ ಸೇರಿಸಿ ಮೂಲ ಅಳತೆಗೆ ತನ್ನಿ.

100 ಮಿ.ಲೀ. ಅಗಾರ್ 45–50 ಡಿಗ್ರಿಗೆ ಇಳಿದ ಮೇಲೆ 1 ಮೋಲಾರ್ ಸ್ಟೆರೈಲ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿ.ಲೀ., ಕಣಗಳು 5 ಮಿ.ಲೀ. ಬೆರೆಸಿ ಸುರಿಯಿರಿ.

37 ಡಿಗ್ರಿಯಲ್ಲಿಟ್ಟು ಎರಡು ಸಲ ನೋಡಿ. 3–6 ಗಂಟೆಯೊಳಗೆ ಅಗಲವಾದ ಸ್ವಚ್ಛ ಉಂಗುರ ಬಂದರೆ ಅದು ಆಲ್ಫಾ ಹೀಮೋಲೈಸಿನ್ ಎಂಬ ಬೇರೆ ವಿಷ. ಒ157ರ ಎಂಟರೋಹೀಮೋಲೈಸಿನ್ 18–24 ಗಂಟೆಗೆ ಕಾಣುತ್ತದೆ, ಚಿಕ್ಕದು, ಮಸುಕು, ಎಷ್ಟೋ ಸಲ ಕಾಲನಿಯ ಅಡಿಯಲ್ಲೇ ಅಡಗಿರುತ್ತದೆ. ಲೂಪಿನಿಂದ (ತುದಿಯಲ್ಲಿ ಬಳೆಯಿರುವ ತಂತಿ) ಕಾಲನಿ ಕೆರೆದು ಬೆಳಕಿಗೆ ಹಿಡಿಯಿರಿ.

ಆಗಲೂ ಬರದಿದ್ದರೆ ತಳಿ ಎಂಟರೋಹೀಮೋಲೈಸಿನ್ ಜೀನ್ ಇರುವ ಪ್ಲಾಸ್ಮಿಡ್ (ಪ್ರತ್ಯೇಕವಾದ ಚಿಕ್ಕ ಡಿಎನ್ಎ ಉಂಗುರ) ಕಳೆದುಕೊಂಡಿರಬಹುದು, ಪ್ಲೇಟು ನೋಡಿ ಹೇಳಲಾಗದು, ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ. ಉಂಗುರವಿಲ್ಲ ಎಂದ ಮಾತ್ರಕ್ಕೆ ಒ157ರ ಅಪಾಯಕಾರಿ ಶಿಗಾ ವಿಷವಿಲ್ಲ ಎಂದು ವರದಿ ಬರೆಯಬೇಡಿ, ಅದರ ಜೀನ್ ಬೇರೆ.